‘ಬೆಳೆ’ ಎನ್ನುವುದಕ್ಕೆ ಸ್ಪ್ಯಾನಿಷ್‌ನಲ್ಲಿ ಯಾವ ಪದ?

ನಮಸ್ಕಾರ. ‘ನನ್ನ ಅಪ್ಪ ಟೊಮೇಟೊ ಬೆಳೆಯುತ್ತಾರೆ’ ಎನ್ನಲು ‘ಮಿ ಪಾದ್ರೆ ಕ್ರೆಸೆ ತೊಮಾತೆಸ್’ ಎಂದು ನೀವು ಬರೆದ ವಾಕ್ಯವನ್ನು ನಿಮ್ಮ ಶಿಕ್ಷಕರು ತಪ್ಪೆಂದು ಗುರುತು ಹಾಕಿದ್ದಾರೆ. ಆದರೆ ನಿಘಂಟಿನಲ್ಲಿ ‘ಕ್ರೆಸೆರ್’ ಎಂದರೆ ಬೆಳೆಯುವುದು ಎಂದೇ ಇದೆ. ಹಾಗಿದ್ದರೆ ಟೊಮೇಟೊ, ತಮ್ಮನ ಗಡ್ಡ, ಮಗುವಿನ ಹಲ್ಲು, ಅಣ್ಣನ ವ್ಯಾಪಾರ, ಏರುವ ಬೆಲೆ, ಅಜ್ಜಿ–ತಾತನ ಬಳಿ ಕಳೆದ ನಿಮ್ಮ ಬಾಲ್ಯ ಇವಕ್ಕೆಲ್ಲ ಯಾವ ಪದ ಬಳಸಬೇಕು ಎಂದು ಕೇಳಿದ್ದೀರಿ. ನಿಮ್ಮ ವಾಕ್ಯಗಳನ್ನೇ ಹಿಡಿದುಕೊಂಡು ಉತ್ತರಿಸುತ್ತೇನೆ. ಉಚ್ಚಾರವನ್ನು ಲ್ಯಾಟಿನ್ ಅಮೆರಿಕದ ರೀತಿಯಲ್ಲಿ ಬರೆದಿದ್ದೇನೆ. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ‘ಕ್ರೆಸೆರ್’ ಎಂಬುದು ‘ಕ್ರೆಥೆರ್’ ಎಂದು ಕೇಳಿಸುತ್ತದೆ.

ತಪ್ಪಿನ ಮೂಲ ಕನ್ನಡದಲ್ಲೇ ಇದೆ. ನಮ್ಮ ‘ಬೆಳೆ’ ಎಂಬ ಧಾತು ಎರಡು ಕೆಲಸ ಮಾಡುತ್ತದೆ. ‘ಗಿಡ ಬೆಳೆಯಿತು’ ಎಂದಾಗ ಅದಕ್ಕೆ ಕರ್ಮ ಬೇಕಿಲ್ಲ, ‘ಅಪ್ಪ ಟೊಮೇಟೊ ಬೆಳೆದರು’ ಎಂದಾಗ ಕರ್ಮ ಬಂದು ಕೂರುತ್ತದೆ. ಸ್ಪ್ಯಾನಿಷ್‌ನ ‘ಕ್ರೆಸೆರ್’ ಮೊದಲನೆಯ ಕೆಲಸವನ್ನು ಮಾತ್ರ ಮಾಡುವ ಅಕರ್ಮಕ ಕ್ರಿಯಾಪದ. ಟೊಮೇಟೊ ಗಿಡ ತಾನಾಗಿ ಬೆಳೆಯಬಹುದು, ಅಪ್ಪನೂ ಎತ್ತರಕ್ಕೆ ಬೆಳೆಯಬಹುದು, ಆದರೆ ಅಪ್ಪ ಟೊಮೇಟೊವನ್ನು ‘ಕ್ರೆಸೆರ್’ ಮಾಡಲಾರರು. ಮನುಷ್ಯ ನೆಟ್ಟು, ನೀರು ಹಾಕಿ, ಕೊಯ್ಯುವುದಕ್ಕೆ ‘ಕುಲ್ತಿಬಾರ್’ ಎಂಬ ಪದವಿದೆ: ‘ಮಿ ಪಾದ್ರೆ ಕುಲ್ತಿಬಾ ತೊಮಾತೆಸ್.’ ಆದ್ದರಿಂದ ಪದ ಹುಡುಕುವ ಮೊದಲು, ವಸ್ತು ತಾನೇ ಬೆಳೆಯುತ್ತಿದೆಯೋ, ಅದನ್ನು ಯಾರಾದರೂ ಬೆಳೆಯುತ್ತಿದ್ದಾರೋ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಉಳಿದರ್ಧಕ್ಕೆ ನನ್ನ ಸಲಹೆ ನಿಮಗೆ ಸ್ವಲ್ಪ ಅನಿರೀಕ್ಷಿತ ಎನಿಸಬಹುದು. ನಮ್ಮಲ್ಲಿ ಬಹುತೇಕರು ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ. ಇಂಗ್ಲಿಷ್ ಗಡ್ಡಕ್ಕೂ ಹಲ್ಲಿಗೂ ವ್ಯಾಪಾರಕ್ಕೂ ಒಂದೇ ಕ್ರಿಯಾಪದವನ್ನು ಹಚ್ಚುತ್ತದೆ. ನಾವು ಅದಕ್ಕೆ ಸಮನಾದ ಒಂದೇ ಸ್ಪ್ಯಾನಿಷ್ ಪದ ಹುಡುಕುತ್ತೇವೆ. ಅದರ ಬದಲು ಆ ಸಂದರ್ಭದಲ್ಲಿ ಕನ್ನಡದಲ್ಲಿ ಸಹಜವಾಗಿ ಏನು ಹೇಳುತ್ತೀರಿ ಎಂದು ಒಂದು ಕ್ಷಣ ಯೋಚಿಸಿ. ಅನೇಕ ಕಡೆ ಕನ್ನಡ ಮತ್ತು ಸ್ಪ್ಯಾನಿಷ್ ಬೆರಗಾಗುವಷ್ಟು ಹತ್ತಿರ ಬರುತ್ತವೆ.

ನಿಮ್ಮ ತಮ್ಮನ ಗಡ್ಡವನ್ನೇ ನೋಡಿ. ನೀವು ‘ಮಿ ಎರ್ಮಾನೊ ಕ್ರೆಸೆ ಉನಾ ಬಾರ್ಬಾ’ ಎಂದು ಬರೆದಿದ್ದೀರಿ. ಕನ್ನಡದಲ್ಲಿ ನೀವು ‘ತಮ್ಮ ಗಡ್ಡ ಬಿಟ್ಟಿದ್ದಾನೆ’ ಎನ್ನುತ್ತೀರಿ ಅಲ್ಲವೇ? ಸ್ಪ್ಯಾನಿಷ್ ಕೂಡ ‘ಬಿಡು’ ಎಂದೇ ಹೇಳುತ್ತದೆ. ‘ದೆಹಾರ್’ ಎಂದರೆ ಬಿಡುವುದು. ‘ಮಿ ಎರ್ಮಾನೊ ಸೆ ಎಸ್ತಾ ದೆಹಾಂದೊ ಬಾರ್ಬಾ’ ಎಂದರೆ ತಮ್ಮ ಗಡ್ಡ ಬಿಡುತ್ತಿದ್ದಾನೆ. ಕೂದಲನ್ನು ಬೇಕೆಂದೇ ಉದ್ದ ಬಿಡುವುದಕ್ಕೆ ‘ದೆಹಾರ್ಸೆ ಕ್ರೆಸೆರ್ ಎಲ್ ಪೆಲೊ’, ಅಂದರೆ ಕೂದಲನ್ನು ಬೆಳೆಯಲು ಬಿಡುವುದು. ಇಲ್ಲಿಯೂ ಬೆಳೆಯುವ ಕೆಲಸ ಕೂದಲಿನದು, ಬಿಡುವ ಕೆಲಸ ಮಾತ್ರ ಮನುಷ್ಯನದು ಎಂಬುದನ್ನು ಗಮನಿಸಿ.

ಮಗುವಿನ ಹಲ್ಲಿನ ವಾಕ್ಯ ಇನ್ನೂ ಚೆನ್ನಾಗಿದೆ. ‘ಮಗುವಿಗೆ ಹಲ್ಲು ಬರುತ್ತಿದೆ’ ಎಂದು ನಾವು ಹೇಳುತ್ತೇವೆ. ಮಗು ಹಲ್ಲನ್ನು ಏನೂ ಮಾಡುತ್ತಿಲ್ಲ, ಹಲ್ಲು ತಾನೇ ಬರುತ್ತಿದೆ, ಮಗುವಿಗೆ ಚತುರ್ಥಿ ವಿಭಕ್ತಿ. ಸ್ಪ್ಯಾನಿಷ್‌ನಲ್ಲಿ ‘ಲೆ ಎಸ್ತಾನ್ ಸಾಲಿಯೆಂದೊ ಲೊಸ್ ದಿಯೆಂತೆಸ್.’ ಇದನ್ನು ಬಿಡಿಸಿದರೆ ‘ಲೆ’ ಎಂದರೆ ಅದಕ್ಕೆ ಅಥವಾ ಅವನಿಗೆ, ‘ಸಾಲಿರ್’ ಎಂದರೆ ಹೊರಬರುವುದು, ‘ಲೊಸ್ ದಿಯೆಂತೆಸ್’ ಎಂದರೆ ಹಲ್ಲುಗಳು. ಕರ್ತೃ ಹಲ್ಲುಗಳೇ ಆದ್ದರಿಂದ ‘ಎಸ್ತಾನ್’ ಎಂಬ ಬಹುವಚನ ಬಂದಿದೆ. ‘ನನಗೆ ನೆರೆಗೂದಲು ಬಂದಿದೆ’, ‘ಮುಖದ ಮೇಲೆ ಮೊಡವೆ ಎದ್ದಿದೆ’ ಎಂಬಂಥ ಮಾತುಗಳಿಗೂ ಇದೇ ‘ಸಾಲಿರ್’ ಸಾಕು. ‘ನನಗೆ ಇಷ್ಟ’ ಎಂಬ ಅರ್ಥದ ‘ಮೆ ಗುಸ್ತಾ’ ಪಾಠದಲ್ಲಿ ಇಂಗ್ಲಿಷ್ ಮಾಧ್ಯಮದವರು ತಡವರಿಸುವಾಗ ಕನ್ನಡಿಗರಿಗೆ ಸಲೀಸಾಗಿ ಹೋಗುವುದಕ್ಕೂ ಈ ವಿಭಕ್ತಿಯೇ ಕಾರಣ.

ಮಣ್ಣಿನ ವಿಷಯಕ್ಕೆ ಹಿಂತಿರುಗಿದರೆ, ‘ಇಲ್ಲಿ ಟೊಮೇಟೊ ಚೆನ್ನಾಗಿ ಬರುತ್ತದೆ’ ಎನ್ನಲು ‘ಅಕಿ ಸೆ ದಾನ್ ಬಿಯೆನ್ ಲೊಸ್ ತೊಮಾತೆಸ್’ ಎನ್ನುತ್ತಾರೆ. ‘ದಾರ್ಸೆ’ ಎಂಬುದು ‘ಕೊಡು’ ಎಂಬ ಪದದಿಂದ ಬಂದದ್ದು. ಮಣ್ಣು, ಹವೆ ಒಂದು ಬೆಳೆಗೆ ಒಗ್ಗುತ್ತದೆ ಎಂಬ ಅರ್ಥಕ್ಕೆ ಇದಕ್ಕಿಂತ ಸಹಜವಾದ ಮಾತಿಲ್ಲ. ಬೀಜ ಮೊಳೆಯುವುದು ‘ಹೆರ್ಮಿನಾರ್’, ಚಿಗುರುವುದು ‘ಬ್ರೊತಾರ್’, ಬೇರು ಬಿಡುವುದು ‘ಎಚಾರ್ ರಾಯಿಸೆಸ್’. ಈ ಕೊನೆಯದು ನಮ್ಮ ‘ಬೇರೂರು’ ಎಂಬುದರಂತೆ ಒಂದು ಊರಿನಲ್ಲಿ ನೆಲೆನಿಂತ ಮನುಷ್ಯರಿಗೂ ಸಲ್ಲುತ್ತದೆ. ‘ಬ್ರೊತೆ’ ಎಂದರೆ ಚಿಗುರು. ರೋಗ ಒಂದು ಕಡೆ ಕಾಣಿಸಿಕೊಂಡು ಹಬ್ಬುವುದಕ್ಕೂ ಅದೇ ಪದ. 2020ರಲ್ಲಿ ಸ್ಪೇನ್‌ನ ಪತ್ರಿಕೆಗಳಲ್ಲಿ ಸೋಂಕು ಮರುಕಳಿಸಿದ ಸುದ್ದಿಯ ಜೊತೆ ಬರುತ್ತಿದ್ದ ‘ರೆಬ್ರೊತೆ’ ಎಂಬ ಪದದ ಒಳಗೆ ಇರುವುದು ಇದೇ ಚಿಗುರು. ಹಣ್ಣು ಮಾಗುವುದು ‘ಮಾದುರಾರ್’. ಕನ್ನಡದಲ್ಲಿ ಹಣ್ಣೂ ಮಾಗುತ್ತದೆ, ಮನಸ್ಸೂ ಮಾಗುತ್ತದೆ, ಸ್ಪ್ಯಾನಿಷ್‌ನಲ್ಲಿಯೂ ಹಾಗೆಯೇ. ಆದರೆ ಹಣ್ಣು ಮಾಗಿದೆ ಎನ್ನಲು ‘ಎಸ್ತಾ ಮಾದುರೊ’, ಮನುಷ್ಯ ಮಾಗಿದವನು ಎನ್ನಲು ‘ಎಸ್ ಮಾದುರೊ’ ಎಂಬ ವ್ಯತ್ಯಾಸವನ್ನು ಮರೆಯಬೇಡಿ, ಮೊದಲನೆಯದು ಈಗಿನ ಸ್ಥಿತಿ, ಎರಡನೆಯದು ಸ್ವಭಾವ.

ಮಕ್ಕಳು ಮತ್ತು ಸಾಕುಪ್ರಾಣಿಗಳಿಗೆ ‘ಕ್ರಿಯಾರ್’ ಎಂಬ ಪದವಿದೆ. ಸಾಕುವುದು, ಸಲಹುವುದು ಎಂಬ ಅರ್ಥ. ಕೋಳಿ ಸಾಕುವವರು ‘ಕ್ರಿಯಾನ್ ಗಾಯಿನಾಸ್’. ಕೋಳಿಗೆ ‘ಕುಲ್ತಿಬಾರ್’ ಬಳಸಿದರೆ ಕೋಳಿಯನ್ನು ನೆಲದಲ್ಲಿ ಬಿತ್ತಿದಂತಾಗುತ್ತದೆ. ‘ನಾನು ಅಜ್ಜಿ–ತಾತನ ಬಳಿ ಬೆಳೆದೆ’ ಎಂಬ ನಿಮ್ಮ ವಾಕ್ಯಕ್ಕೆ ‘ಮೆ ಕ್ರಿಯೆ ಕೊನ್ ಮಿಸ್ ಅಬುವೆಲೊಸ್’ ಸರಿಯಾದದ್ದು. ಇಲ್ಲಿ ‘ಕ್ರೆಸಿ’ ಎಂದರೂ ತಪ್ಪಲ್ಲ. ಆದರೆ ಯಾರ ಆರೈಕೆಯಲ್ಲಿ, ಯಾವ ಮನೆಯಲ್ಲಿ ಬೆಳೆದಿರಿ ಎಂಬುದು ಮುಖ್ಯವಾದಾಗ ನಾನು ‘ಕ್ರಿಯಾರ್ಸೆ’ಯನ್ನೇ ಆರಿಸುತ್ತೇನೆ, ‘ಕ್ರೆಸೆರ್’ ಎತ್ತರವನ್ನೂ ವಯಸ್ಸನ್ನೂ ಹೇಳುತ್ತದೆ, ಸಲಹಿದ ಕೈಗಳನ್ನು ಹೇಳುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಈ ‘ಕ್ರಿಯೆ’ ರೂಪದ ಕೊನೆಯ ಅಕ್ಷರದ ಮೇಲೆ ಒತ್ತಿನ ಗುರುತು ಇರುತ್ತದೆ, 2010ರಲ್ಲಿ ಸ್ಪ್ಯಾನಿಷ್ ಅಕಾಡೆಮಿಗಳು ಪ್ರಕಟಿಸಿದ ಕಾಗುಣಿತದ ನಿಯಮದಂತೆ ಈಗ ಆ ಗುರುತು ಬೇಕಿಲ್ಲ. ಎರಡೂ ರೂಪ ಕಣ್ಣಿಗೆ ಬಿದ್ದರೆ ಗಾಬರಿಯಾಗಬೇಡಿ.

ಇದೇ ಜಾಗದಲ್ಲಿ ನಾಲ್ಕು ಕ್ರಿಯಾಪದಗಳು ಒಂದರ ಕಾಲಿಗೆ ಒಂದು ತೊಡರುತ್ತವೆ: ಕ್ರೆಸೆರ್ ಬೆಳೆಯುವುದು, ಕ್ರಿಯಾರ್ ಸಾಕುವುದು, ಕ್ರೆಆರ್ ಸೃಷ್ಟಿಸುವುದು, ಕ್ರೆಎರ್ ನಂಬುವುದು. ವರ್ತಮಾನದ ಉತ್ತಮ ಪುರುಷದಲ್ಲಿ ಮೊದಲನೆಯದು ‘ಕ್ರೆಸ್ಕೊ’, ಎರಡನೆಯದು ‘ಕ್ರೀಒ’, ಉಳಿದೆರಡೂ ‘ಕ್ರೆಒ’. ಕಲಿಕೆಯ ಮೊದಲ ವರ್ಷ ನಾನು ‘ನಾಯಿಗಳನ್ನು ಸಾಕುತ್ತೇನೆ’ ಎಂದು ಬರೆಯಹೋಗಿ ‘ನಾಯಿಗಳನ್ನು ಸೃಷ್ಟಿಸುತ್ತೇನೆ’ ಎಂದು ಬರೆದಿದ್ದೆ. ಆ ದಿನದಿಂದ ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ದಿನಕ್ಕೊಂದು ವಾಕ್ಯದಂತೆ ಗಟ್ಟಿಯಾಗಿ ಓದಿಕೊಂಡೆ. ನೀವೂ ಹಾಗೆ ಮಾಡಬೇಕೆಂದು ಮನಃಪೂರ್ವಕ ಹೇಳುತ್ತೇನೆ, ಏಕೆಂದರೆ ಪಟ್ಟಿ ಓದಿ ಇವು ನಿಲ್ಲುವುದಿಲ್ಲ, ಬಾಯಿಗೆ ಬರಬೇಕು.

‘ದೊಡ್ಡವನಾದ ಮೇಲೆ ಏನಾಗುತ್ತೀಯ’ ಎಂದು ಮಗುವನ್ನು ಕೇಳುವಾಗ ‘ಕ್ರೆಸೆರ್’ ಬೇಕಿಲ್ಲ. ಸ್ಪೇನ್‌ನಲ್ಲಿ ‘ಕೆ ಕಿಯೆರೆಸ್ ಸೆರ್ ದೆ ಮಾಯೊರ್’ ಎನ್ನುತ್ತಾರೆ, ಲ್ಯಾಟಿನ್ ಅಮೆರಿಕದಲ್ಲಿ ‘ಕುವಾಂದೊ ಸೆಯಾಸ್ ಗ್ರಾಂದೆ’ ಎನ್ನುವುದು ಹೆಚ್ಚು. ‘ಮಾಯೊರ್’ ಎಂಬುದು ವಯಸ್ಸಾದವರಿಗೂ ಗೌರವದ ಮಾತಾದ್ದರಿಂದ ಸಂದರ್ಭ ನೋಡಿ ಬಳಸಿ. ಒಂದೇ ವರ್ಷದಲ್ಲಿ ಹುಡುಗ ಸರ್ರನೆ ಎತ್ತರವಾದರೆ ‘ಆ ದಾದೊ ಉನ್ ಎಸ್ತಿರೊನ್’ ಎನ್ನುತ್ತಾರೆ. ‘ಎಸ್ತಿರಾರ್’ ಎಂದರೆ ಎಳೆದು ಉದ್ದ ಮಾಡುವುದು.

ಬೆಲೆಯ ವಿಷಯ ಸುಲಭ. ಬೆಲೆ ನಮ್ಮಲ್ಲಿ ಏರುತ್ತದೆ, ಅಲ್ಲಿಯೂ ಏರುತ್ತದೆ: ‘ಸುಬಿರ್’. ಪ್ರಮಾಣ, ಸಂಖ್ಯೆ ಹೆಚ್ಚುವುದಕ್ಕೆ ‘ಔಮೆಂತಾರ್’. ಈ ಎರಡೂ ಪದಗಳು ಕರ್ಮವಿದ್ದೂ ಇಲ್ಲದೆಯೂ ನಡೆಯುತ್ತವೆ. ಆರ್ಥಿಕತೆಗೆ ಮಾತ್ರ ‘ಕ್ರೆಸೆರ್’ ಸಲ್ಲುತ್ತದೆ. ‘ಲಾ ಎಕೊನೊಮಿಯಾ ಕ್ರೆಸಿಯೊ ಉನ್ ತ್ರೆಸ್ ಪೊರ್ ಸಿಯೆಂತೊ’ ಎಂದರೆ ಅದು ಶೇ 3ರಷ್ಟು ಬೆಳೆಯಿತು. ಶೇಕಡಾವಾರು ಹೇಳುವಾಗ ಆ ‘ಉನ್’ ಬಿಡದೆ ಸೇರಿಸುವ ಅಭ್ಯಾಸ ಮಾಡಿಕೊಳ್ಳಿ. ‘ಕ್ರೆಸಿಮಿಯೆಂತೊ’ ಎಂಬ ನಾಮಪದ ಅಳೆಯಬಹುದಾದ ಬೆಳವಣಿಗೆಗೆ, ‘ದೆಸಾರೊಯೊ’ ಸಾಮರ್ಥ್ಯ ಅರಳುವ ಬೆಳವಣಿಗೆಗೆ, ಅಂದರೆ ನಾವು ‘ಅಭಿವೃದ್ಧಿ’, ‘ವಿಕಾಸ’ ಎನ್ನುವ ಕಡೆಗೆ. ಸುರುಳಿ ಬಿಚ್ಚುವುದು ಎಂಬುದು ಅದರ ಮೂಲಾರ್ಥ. ಮಗುವಿನ ತೂಕ, ಎತ್ತರ ಮೊದಲನೆಯದಕ್ಕೆ ಸೇರುತ್ತವೆ. ಮಾತು, ನಡಿಗೆ ಎರಡನೆಯದಕ್ಕೆ. ದೇಹದಲ್ಲಿ ಕಾಣಿಸಿಕೊಂಡ ಗಂಟಿಗೆ ಈ ಎರಡೂ ಬೇಡ. ವೈದ್ಯರ ಮುಂದೆ ‘ಬುಲ್ತೊ’ ಎಂದರೆ ತಕ್ಷಣ ಅರ್ಥವಾಗುತ್ತದೆ.

ಇನ್ನು ‘ಮುದಿಯಾಗು’, ‘ಕತ್ತಲಾಗು’ ಎಂದು ನಾವು ‘ಆಗು’ ಸೇರಿಸಿ ಹೇಳುವ ಮಾತುಗಳಿಗೆ ಇಂಗ್ಲಿಷ್ ‘ಬೆಳೆ’ ಎಂಬ ಪದವನ್ನು ಎಳೆದು ತರುವುದುಂಟು. ಸ್ಪ್ಯಾನಿಷ್‌ನಲ್ಲಿ ಅವಕ್ಕೆ ಒಂದೊಂದು ಸ್ವತಂತ್ರ ಕ್ರಿಯಾಪದವಿದೆ: ಎನ್ಬೆಹೆಸೆರ್, ಅನೊಚೆಸೆರ್. ಕೊನೆಯಲ್ಲಿ ‘ಎಸೆರ್’ ಇರುವ ಇಂಥ ಪದಗಳು ‘ಕ್ರೆಸೆರ್’ ನಡೆದಂತೆಯೇ ನಡೆಯುತ್ತವೆ; ‘ಕ್ರೆಸ್ಕೊ’ ಬಂದರೆ ‘ಎನ್ಬೆಹೆಸ್ಕೊ’ ಕೂಡ ಬಂದಂತೆಯೇ.

ಕೊನೆಗೆ ಅಣ್ಣನ ವ್ಯಾಪಾರ. ‘ಅಣ್ಣ ವ್ಯಾಪಾರ ಬೆಳೆಸಬೇಕೆಂದಿದ್ದಾನೆ’ ಎಂಬಲ್ಲಿ ನಾವು ‘ಇಸು’ ಪ್ರತ್ಯಯ ಹಚ್ಚಿ ‘ಬೆಳೆಸು’ ಎಂಬ ಪ್ರೇರಣಾರ್ಥಕ ಮಾಡುತ್ತೇವೆ. ಸ್ಪ್ಯಾನಿಷ್ ‘ಮಾಡು’ ಎಂಬ ಅರ್ಥದ ‘ಅಸೆರ್’ ಅನ್ನು ಮುಂದಿಟ್ಟು ಅದೇ ಕೆಲಸ ಮಾಡಿಸುತ್ತದೆ: ‘ಕಿಯೆರೆ ಅಸೆರ್ ಕ್ರೆಸೆರ್ ಎಲ್ ನೆಗೊಸಿಯೊ.’ ಅವರು ಅಂಗಡಿಯ ಜಾಗವನ್ನೇ ದೊಡ್ಡದು ಮಾಡುವುದಾದರೆ ‘ಆಂಪ್ಲಿಯಾರ್’ ಎಂದು ಬದಲಿಸಿಕೊಳ್ಳಿ. ನಿಮ್ಮ ಆರು ವಾಕ್ಯಗಳನ್ನೂ ಹೀಗೆ ತಿದ್ದಿ ಇಲ್ಲಿಯೇ ಹಾಕಿ, ಒಂದೊಂದನ್ನೂ ಓದಿ ನೋಡುತ್ತೇನೆ.