ಸಂಪಾದಕರ ಉತ್ತರ: ಕಲಾ ಕಾಲೇಜು ಊರಿಗೆ ಏನು ಕೊಡಬೇಕು?

ರಾಣೆಬೆನ್ನೂರಿನ ಓದುಗರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಊರಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿ ನಡೆಸುತ್ತಾರೆ. ಮಗಳು ಪಿಯುಸಿ ಮುಗಿಸಿದ್ದಾಳೆ, ದೃಶ್ಯಕಲಾ ಕಾಲೇಜಿಗೇ ಸೇರುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ಅವರು ಕೇಳಿರುವುದು ಇಷ್ಟು: "ಚಿತ್ರ ಬಿಡಿಸೋದನ್ನ ಮನೆಯಲ್ಲೇ ಕೂತು ಕಲಿಯಬಹುದು. ಅದಕ್ಕೊಂದು ಕಾಲೇಜು, ನಾಲ್ಕು ವರ್ಷ, ಸರ್ಕಾರದ ದುಡ್ಡು ಯಾಕೆ? ವರ್ಷಕ್ಕೊಮ್ಮೆ ಪ್ರದರ್ಶನ ಇಡ್ತಾರೆ, ಅವರವರೇ ನೋಡ್ಕೋತಾರೆ. ನಮ್ಮಂಥ ಊರಿನವರಿಗೆ ಇದರಿಂದ ಸಿಕ್ಕಿದ್ದೇನು? ಡಿಸೈನ್ ಕಾಲೇಜುಗಳಂತೂ ಲಕ್ಷಗಟ್ಟಲೆ ಕೇಳ್ತಾವೆ." ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ನಮಸ್ಕಾರ. ನಿಮ್ಮ ಪ್ರಶ್ನೆಯಲ್ಲಿ ಸಿಟ್ಟಿದೆ, ಆ ಸಿಟ್ಟಿಗೆ ಅರ್ಥವೂ ಇದೆ. ಹಾಗಾಗಿ ಮಗಳ ವಿಷಯ ಆಮೇಲೆ, ಮೊದಲು ಕಾಲೇಜಿನ ವಿಷಯ ಮಾತಾಡೋಣ.

ನಿಮ್ಮ ಅಂಗಡಿಯ ಕಪಾಟಿನಿಂದ ಒಂದು ಕೀಟನಾಶಕದ ಬಾಟಲಿ ತೆಗೆದುಕೊಳ್ಳಿ. ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಒಂದು ಚೌಕ ಇರುತ್ತದೆ, ಎರಡು ತ್ರಿಕೋನವಾಗಿ ಸೀಳಿದ್ದು. ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ಘೋರ ವಿಷ. ಹಳದಿಯಾದರೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೀಲಿ ಮಧ್ಯಮ, ಹಸಿರು ಅಲ್ಪ. 1971ರ ಕೀಟನಾಶಕ ನಿಯಮಗಳ ಪ್ರಕಾರ ಈ ಗುರುತು ಇರಲೇಬೇಕು. ನಿಮಗೆ ಇದು ಬಾಯಿಪಾಠ. ಆದರೆ ನಿಮ್ಮಲ್ಲಿಗೆ ಬರುವ ರೈತರಲ್ಲಿ ಎಷ್ಟು ಜನಕ್ಕೆ ಗೊತ್ತು, ಕೇಳಿ ನೋಡಿ. ಓದಲು ಬಾರದವರಿಗೂ ತಿಳಿಯಲಿ ಅಂತ ಮಾಡಿದ ಗುರುತು ಇದು. ಹಸಿರು ಅಂದರೆ ನಮ್ಮ ರೈತನಿಗೆ ಬೆಳೆ, ಚಿಗುರು, ಒಳ್ಳೆಯದು. ಹಳದಿ, ಕೆಂಪು ಅಂದರೆ ಅರಿಶಿನ ಕುಂಕುಮ, ಮಂಗಳಕರ. ನೀಲಿಗೆ ಏನರ್ಥವೋ ಹೇಳಿಕೊಡದೆ ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ಮಡಿಸಿದ ಚೀಟಿಯಲ್ಲಿ ಕನ್ನಡ ಇರುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಎಷ್ಟು ನೀರಿಗೆ ಎಷ್ಟು ಎಮ್ಮೆಲ್ ಹಾಕಬೇಕು ಅಂತ ಕೊನೆಗೆ ನೀವೇ ಬಾಯಲ್ಲಿ ಹೇಳುತ್ತೀರಿ, ಅಲ್ವಾ?

ಇದನ್ನು ಸರಿಮಾಡುವ ಕೆಲಸ ಯಾರದ್ದು? ರಸಾಯನಶಾಸ್ತ್ರದವರದ್ದಲ್ಲ, ಅವರ ಕೆಲಸ ಬಾಟಲಿಯ ಒಳಗೆ ಮುಗಿಯಿತು. ಕಾನೂನಿನವರು ನಿಯಮ ಬರೆದು ಕೈತೊಳೆದರು. ಆ ನಿಯಮ ಒಬ್ಬ ಮನುಷ್ಯನ ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಹುಷಾರಾಗುವ ತನಕ ಇರುವ ದಾರಿ ಇದೆಯಲ್ಲ, ಅದು ಚಿತ್ರ ಮತ್ತು ಅಕ್ಷರ ಕಲಿತವರ ಕೆಲಸ. ಅನ್ವಯಿಕ ಕಲೆ, ಅಂದರೆ ಲೇಬಲ್ಲು, ಜಾಹೀರಾತು, ಬೋರ್ಡಿನಂಥ ಬಳಕೆಯ ಕಲೆ ಕಲಿಯುತ್ತಿರುವ ನಾಲ್ಕು ಹುಡುಗರು ಮುಂಗಾರಿನ ಹೊತ್ತಿಗೆ ನಿಮ್ಮ ಅಂಗಡಿಯಲ್ಲಿ ಒಂದು ವಾರ ಕೂರಬೇಕು. ಯಾರು ಹೆಸರು ಹೇಳಿ ಕೇಳುತ್ತಾರೆ, ಯಾರು ಖಾಲಿ ಬಾಟಲಿ ತಂದು ತೋರಿಸುತ್ತಾರೆ, ಯಾರು ಮುಚ್ಚಳದ ಬಣ್ಣ ಹೇಳುತ್ತಾರೆ ಅಂತ ನೋಡಬೇಕು. ಆಮೇಲೆ ಹತ್ತು ಥರ ಚಿತ್ರ ಮಾಡಿ, ಓದಲು ಬಾರದವರ ಕೈಗೇ ಕೊಟ್ಟು, ಏನು ತಿಳಿಯಿತು ಅಂತ ಕೇಳಬೇಕು. ಎಂಟು ತಪ್ಪಾಗಲಿ, ಪರವಾಗಿಲ್ಲ. ಕಲಾ ಮತ್ತು ವಿನ್ಯಾಸ ಕಾಲೇಜು ಇರಬೇಕಾದದ್ದು ಇಂಥ ಕೆಲಸಕ್ಕೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ತನ್ನ ಸುತ್ತಲಿನ ಊರು ದಿನಾ ಮುಟ್ಟುವ, ಓದುವ, ನೋಡುವ ವಸ್ತುಗಳಿಗೆ ಅದು ಜವಾಬ್ದಾರಿ ಹೊರಬೇಕು. ಪ್ರದರ್ಶನಕ್ಕೆ ಎಷ್ಟು ಜನ ಬಂದರು, ಎಷ್ಟು ಮಂದಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅನ್ನುವ ಲೆಕ್ಕ ಆಮೇಲೆ.

ಇದು ನನ್ನ ಕನಸು ಮಾತ್ರ ಅಂದುಕೊಳ್ಳಬೇಡಿ. ನೀವು ಓಟು ಹಾಕುವ ಮತಯಂತ್ರವನ್ನೇ ನೋಡಿ. ಒಳಗಿನ ಎಲೆಕ್ಟ್ರಾನಿಕ್ಸ್ ಸರ್ಕಾರಿ ಕಂಪನಿಗಳಾದ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್‌ನದು. ಅದಕ್ಕೆ ರೂಪ ಕೊಟ್ಟವರು ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರಾದ ಎ.ಜಿ. ರಾವ್ ಮತ್ತು ರವಿ ಪೂವಯ್ಯ. ಹೆಸರು, ಚಿಹ್ನೆ, ದೀಪ, ನೀಲಿ ಗುಂಡಿ ಒಂದೇ ಸಾಲಿನಲ್ಲಿ. ಒತ್ತಿದರೆ ಕೆಂಪು ದೀಪ, ಬೀಪ್ ಸದ್ದು. ಹೆಬ್ಬೆಟ್ಟು ಒತ್ತುವ ಅಜ್ಜಿಯೂ ಯಾರ ಸಹಾಯವೂ ಇಲ್ಲದೆ ಗುಟ್ಟಾಗಿ ಓಟು ಹಾಕಿ ಬರುತ್ತಾಳೆ. ಒಂದು ದೇಶದ ಪ್ರಜಾಪ್ರಭುತ್ವದಲ್ಲಿ ಡಿಸೈನ್ ಶಾಲೆಯ ಪಾತ್ರ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. 2010ರಲ್ಲಿ ಬಂದ ರೂಪಾಯಿ ಚಿಹ್ನೆಯೂ ಅದೇ ಜಾಗದ್ದು. ಅದನ್ನು ಬರೆದ ಡಿ. ಉದಯಕುಮಾರ್ ಅಲ್ಲಿ ತಮಿಳು ಅಕ್ಷರಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿ.

ನೀವು ಪತ್ರವನ್ನು ಟೈಪ್ ಮಾಡಿ ಕಳಿಸಿದ್ದೀರಿ, ನಮ್ಮ ಕಚೇರಿಯ ಹಳೇ ಕಂಪ್ಯೂಟರಿನಲ್ಲಿ ಅದು ತೆರೆದದ್ದು ತುಂಗಾ ಅಕ್ಷರದಲ್ಲಿ. ವಿಂಡೋಸ್ ಜೊತೆ ಬಂದ ಕನ್ನಡ ಫಾಂಟ್ ಅದು. ಅದರ ಹಿಂದಿದ್ದವರು ಆರ್.ಕೆ. ಜೋಶಿ. ಕೊಲ್ಲಾಪುರದವರು, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಮುಂದೆ ಐಐಟಿ ಬಾಂಬೆಯಲ್ಲಿ ಪಾಠ ಹೇಳಿದವರು. ಕಂಪ್ಯೂಟರ್ ತೆರೆಯ ಮೇಲೆ ಲಕ್ಷಾಂತರ ಜನ ಕನ್ನಡ ಓದಿದ್ದು ಇಂಥವರು ಒತ್ತಕ್ಷರ ಎಲ್ಲಿ ಕೂರಬೇಕು, ಕೊಂಬು ಎಷ್ಟು ಬಾಗಬೇಕು ಅಂತ ಕೂತು ಯೋಚಿಸಿದ್ದರಿಂದ. ಮನೆಯಲ್ಲೇ ಕೂತು ಕಲಿಯಬಹುದು ಅಂತೀರಲ್ಲ, ಕೈ ಕೆಲಸವನ್ನೇನೋ ಕಲಿಯಬಹುದು, ಯೂಟ್ಯೂಬಲ್ಲಿ ಬೇಕಾದಷ್ಟಿದೆ. ಆದರೆ ಮಾಡಿದ್ದನ್ನು ಗೋಡೆಗೆ ಹಾಕಿ, ಇಪ್ಪತ್ತು ಜನ ಸುತ್ತ ನಿಂತು, ಇದು ಯಾಕೆ ಹೀಗೆ, ಇದು ಯಾರಿಗೆ ಅಂತ ಕೇಳುವುದು, ಅದನ್ನು ತಡೆದುಕೊಂಡು ಮತ್ತೆ ಮಾಡುವುದು, ಇದು ಮನೆಯಲ್ಲಿ ಆಗುವುದಿಲ್ಲ. ಕಲ್ಲು ಕೆತ್ತುವ ಶೆಡ್ಡು, ಮಣ್ಣು ಸುಡುವ ಕುಲುಮೆ, ಅಚ್ಚಿನ ಯಂತ್ರ ಮನೆಯಲ್ಲಿ ಇರುವುದಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಹುಟ್ಟಿದ ಕತೆ ನಿಮಗೆ ಇಷ್ಟವಾಗಬಹುದು. 1958ರಲ್ಲಿ ಭಾರತ ಸರ್ಕಾರ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ಕರೆಸಿ, ನಮಗೆ ಎಂಥ ವಿನ್ಯಾಸ ಶಿಕ್ಷಣ ಬೇಕು ಅಂತ ವರದಿ ಕೇಳಿತು. ಅವರು ದೇಶವೆಲ್ಲ ಸುತ್ತಿದರು. ತಾವು ಕಂಡು ಮೆಚ್ಚಿದ ವಸ್ತುಗಳಲ್ಲಿ ಬಹುಶಃ ಇದೇ ಅತಿ ದೊಡ್ಡದು, ಅತಿ ಚೆಂದದ್ದು ಅಂತ ಅವರು ಬರೆದದ್ದು ನಮ್ಮ ತಂಬಿಗೆಯ ಬಗ್ಗೆ! ಎಷ್ಟು ನೀರು ಹಿಡಿಯಬೇಕು, ಗಂಡಸಿನ ಕೈಗೆ, ಹೆಂಗಸಿನ ಕೈಗೆ ಹೇಗೆ ಒಗ್ಗಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ ಖಾಲಿಯಾದಾಗ ತೂಕ ಹೇಗೆ ನಿಲ್ಲಬೇಕು, ಒಳಗೆ ಕೈ ಹಾಕಿ ತಿಕ್ಕಲು ಬರುತ್ತದೋ ಇಲ್ಲವೋ, ಬೆಲೆ ಎಷ್ಟು, ಹೀಗೆ ಒಂದು ಪುಟ ಪ್ರಶ್ನೆ. ಒಬ್ಬ ಮನುಷ್ಯ ಕೂತು ಮಾಡಿದ್ದಲ್ಲ, ತಲೆಮಾರುಗಳು ಸವೆಸಿ ಸವೆಸಿ ಮಾಡಿದ್ದು ಅಂದರು. 1961ರಲ್ಲಿ ಸಂಸ್ಥೆ ಶುರುವಾಯಿತು. ನಿಮ್ಮ ಮಗಳು ಮೊದಲ ವರ್ಷ ಕಲಿಯಬೇಕಾದ ಪಾಠ ಇದಕ್ಕಿಂತ ಬೇರೆ ಏನೂ ಇಲ್ಲ: ಪೆನ್ಸಿಲ್ ಹಿಡಿಯುವ ಮೊದಲು, ಈ ವಸ್ತು ಯಾರ ಕೈಗೆ ಹೋಗುತ್ತದೆ ಅಂತ ಕೇಳುವುದು.

1975ರಲ್ಲಿ ಅದೇ ಎನ್‌ಐಡಿಯವರು ಮ್ಯಾನೇಜ್‌ಮೆಂಟ್ ಕಲಿಸುವ ಐಐಎಂ ಅಹಮದಾಬಾದಿನ ಪ್ರಾಧ್ಯಾಪಕ ರವಿ ಮಥಾಯ್ ಜೊತೆ ರಾಜಸ್ಥಾನದ ಜವಾಜಾಕ್ಕೆ ಹೋದರು. ಬರದ ಸೀಮೆ. ಅಲ್ಲಿನ ನೇಕಾರರು, ಚರ್ಮದ ಕೆಲಸದವರ ಜೊತೆ ಕೂತು ಪೇಟೆಗೆ ಹೋಗುವ ಚೀಲ, ಕಂಬಳಿ ಮಾಡಿದರು. ಆಮೇಲೆ ಕುಶಲಕರ್ಮಿಗಳೇ ತಮ್ಮ ಸಂಘ ಕಟ್ಟಿಕೊಂಡರು. ನನಗೆ ಇಲ್ಲಿ ಮುಖ್ಯ ಅನಿಸುವುದು ಆ ಸಂಘ. ಯಾಕೆಂದರೆ ಈಗ ಗೊಂಬೆ ಮಾಡುವ ಚನ್ನಪಟ್ಟಣಕ್ಕೋ ಕಿನ್ನಾಳಕ್ಕೋ, ಸೀರೆ ನೇಯುವ ಇಳಕಲ್ಲಿಗೋ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು ಫೋಟೊ ತೆಗೆಯುತ್ತಾರೆ, ಎರಡು ವಾರ ಇರುತ್ತಾರೆ, ಚೆಂದದ ಒಂದು ಪ್ರಾಜೆಕ್ಟ್ ಪುಸ್ತಕ ಮಾಡಿ ಅಂಕ ತೆಗೆದುಕೊಂಡು ಹೋಗುತ್ತಾರೆ. ಎಷ್ಟೋ ಸಲ ಹಾಲೆ ಮರಕ್ಕೆ ಅರಗಿನ ಬಣ್ಣ ಕೂರಿಸಿದವನ ಹೆಸರು ಅದರಲ್ಲಿ ಇರುವುದಿಲ್ಲ. ಇದು ಅನ್ಯಾಯ. ಮಗ್ಗದವನಿಗೂ ಚರಕಿಯಲ್ಲಿ ಗೊಂಬೆ ಕಡೆಯುವವನಿಗೂ ಪಾಠದ ಗಂಟೆಗೆ ಸಂಬಳ ಕೊಟ್ಟು ಕಾಲೇಜಿಗೆ ಮೇಷ್ಟ್ರಾಗಿ ಕರೆಯಬೇಕು.

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಬೇರಿದೆ. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಬಿತ್ತು. ಚಿತ್ರಕಲೆಯ ಜೊತೆ ಮರಗೆಲಸದಂಥ ಕಸುಬುಗಳನ್ನೂ ಒಂದೇ ಸೂರಿನಡಿ ಕಲಿಸುತ್ತಿದ್ದರು. ನಿಮ್ಮ ಕಡೆಗೆ ಬಂದರೆ, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಲಾಶಾಲೆ ತೆರೆದರು. ಬಾದಾಮಿಯ ಆರ್.ಎಂ. ಹಡಪದ ಬೆಂಗಳೂರಿನಲ್ಲಿ 1968ರಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಇಂಥ ಶಾಲೆಗಳಿಂದ ಹೊರಬಂದವರಲ್ಲಿ ಬಹಳಷ್ಟು ಜನ ಹಳ್ಳಿ ಹಳ್ಳಿಯ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಡ್ರಾಯಿಂಗಿನ ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದವರು ಅವರು. ಶಾಲೆಯ ಗೋಡೆಗೆ ಭೂಪಟ ಬರೆದವರು, ಗ್ಯಾದರಿಂಗಿಗೆ ಪರದೆ ಬರೆದವರು, ಊರ ಜಾತ್ರೆಯ ನಾಟಕಕ್ಕೆ ರಂಗಸಜ್ಜಿಕೆ ಮಾಡಿದವರೂ ಅವರೇ. ನಿಮ್ಮ ಮಗಳಿಗೆ ಈ ಹುಚ್ಚು ಹತ್ತಿಸಿದ್ದು ಯಾರು ಅಂತ ಒಮ್ಮೆ ಕೇಳಿ. ಒಬ್ಬ ಡ್ರಾಯಿಂಗ್ ಮಾಸ್ತರರ ಹೆಸರು ಬಂದರೆ ನನಗೆ ಆಶ್ಚರ್ಯವಿಲ್ಲ. ಊರಿಗೆ ಏನು ಸಿಕ್ಕಿತು ಅಂತ ಕೇಳಿದ್ದಿರಲ್ಲ, ನನ್ನ ಲೆಕ್ಕದಲ್ಲಿ ಮೊದಲು ಸಿಕ್ಕಿದ್ದು ಇದು. ಈಗ ಆ ಹುದ್ದೆಗಳು ಖಾಲಿಯಾದರೂ ತುಂಬುವುದು ನಿಧಾನ. ಕಲಾ ಕಾಲೇಜುಗಳೂ ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ನಿಮ್ಮ ಸಿಟ್ಟನ್ನು ಕಾಲೇಜಿನ ಹುಡುಗರ ಮೇಲಿಂದ ತೆಗೆದು ಈ ಕಡೆ ತಿರುಗಿಸಿ ಅಂತ ನನ್ನ ಕೋರಿಕೆ.

ಹಾಗಾದರೆ ಉಪಯೋಗಕ್ಕೆ ಬರುವುದು ಮಾತ್ರ ಕಲೆಯೇ? ಖಂಡಿತ ಅಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಇದೇ ಕೆನ್ ಶಾಲೆಯಲ್ಲಿ ಕಲಿತವರು, ಆಮೇಲೆ ಶಾಂತಿನಿಕೇತನ, ಲಂಡನ್. 1992ರ ಕೋಮು ಗಲಭೆಗಳ ನಂತರ ಕ್ಯಾನ್ವಾಸಿನ ಬಣ್ಣ ಬಿಟ್ಟು ಸಗಣಿ ಕೈಗೆತ್ತಿಕೊಂಡರು, ಮುಂದೆ ಕುಂಕುಮ, ದಾರ, ಡಾಂಬರು ಡ್ರಮ್ಮು. ಇವತ್ತು ಜಗತ್ತಿನ ದೊಡ್ಡ ಪ್ರದರ್ಶನಗಳಲ್ಲಿ ಅವರ ಕೆಲಸ ಇರುತ್ತದೆ. ಅದರಿಂದ ನಿಮ್ಮ ಅಂಗಡಿಗೆ ಏನೂ ಆಗುವುದಿಲ್ಲ, ನಿಜ. ಆದರೆ ಒಂದು ಕಾಲ ತನ್ನ ನೋವನ್ನು ಎಲ್ಲಾದರೂ ಇಟ್ಟು ನೋಡಿಕೊಳ್ಳಬೇಕಲ್ಲ, ಅಂಥ ಕೆಲಸಕ್ಕೂ ಜಾಗ ಕೊಡುವುದು ಕಾಲೇಜಿನ ಕರ್ತವ್ಯ. ಉಪಯೋಗದ ಕೆಲಸ, ಇಂಥ ಕೆಲಸ ಎರಡೂ ಬೇರೆ ಬೇರೆ ಅಂತ ನನಗೆ ಅನಿಸಿಲ್ಲ. ನಮ್ಮ ಸಂವಿಧಾನದ ಕೈಬರಹದ ಮೂಲ ಪ್ರತಿಗೆ ಚಿತ್ರ ಬರೆದವರು ಶಾಂತಿನಿಕೇತನದ ಕಲಾಭವನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಒಂದು ಪುಟದಲ್ಲಿ ಟಿಪ್ಪು ಸುಲ್ತಾನ್ ಮತ್ತು ಝಾನ್ಸಿ ರಾಣಿ ಒಟ್ಟಿಗೆ ಇದ್ದಾರೆ. ಅದು ಕಲೆಯೋ ಸರ್ಕಾರಿ ಕೆಲಸವೋ ಅಂತ ಬೇರ್ಪಡಿಸಲು ಬರುತ್ತದೆಯೇ?

ಪ್ರದರ್ಶನದ ಬಗ್ಗೆ ನಿಮ್ಮ ದೂರು ಮಾತ್ರ ನೂರಕ್ಕೆ ನೂರು ಸರಿ. ಕಾಲೇಜಿನ ಹುಡುಗರ ಕೆಲಸ ಕಾಲೇಜಿನ ಹಾಲಿನಲ್ಲಿ ಯಾಕಿರಬೇಕು? ಬಸ್ ಸ್ಟ್ಯಾಂಡಿನಲ್ಲಿರಲಿ, ಎಪಿಎಂಸಿಯಲ್ಲಿರಲಿ. ಬೆಂಗಳೂರಿನ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಸೃಷ್ಟಿ ಎಂಬ ಕಲಾ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಗೋಡೆ, ಕಂಬಗಳನ್ನೇ ಬಳಸಿಕೊಂಡಿದ್ದಾರೆ, ರೈಲು ಹಿಡಿಯಲು ಓಡುವವರು ದಿನಾ ನೋಡುತ್ತಾರೆ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೆ ತುಂಬಿ ತುಳುಕುತ್ತದೆ. ಜಿಲ್ಲಾ ಕೇಂದ್ರಗಳಲ್ಲೂ ಇದು ಆಗಬಹುದು. ಜಿಲ್ಲಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಎಲ್ಲಿ, ಔಷಧಿ ಎಲ್ಲಿ ಅಂತ ತಿಳಿಯದೆ ಅಲೆಯುವವರಿಗೆ ದಾರಿ ತೋರಿಸುವ ಬೋರ್ಡುಗಳನ್ನು ಊರಿನ ಕಾಲೇಜಿಗೇ ಒಪ್ಪಿಸಿದರೆ ಸರ್ಕಾರಕ್ಕೆ ಹೆಚ್ಚು ಖರ್ಚೂ ಇಲ್ಲ. ಯಾರೂ ಕೇಳುತ್ತಿಲ್ಲ, ಕಾಲೇಜುಗಳೂ ಹೋಗಿ ಬಾಗಿಲು ತಟ್ಟುತ್ತಿಲ್ಲ. ನೀವೇ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯಕ್ಕೆ ಒಂದು ಕಾಗದ ಬರೆದು, ಅಂಗಡಿಗೆ ಬನ್ನಿ ಅಂತ ಯಾಕೆ ಕರೆಯಬಾರದು?

ಇನ್ನು ಮಗಳ ವಿಷಯ. ದೃಶ್ಯಕಲೆಯ ಪದವಿ, ಬಿವಿಎ, ನಾಲ್ಕು ವರ್ಷ. ಮೊದಲ ವರ್ಷ ಎಲ್ಲರಿಗೂ ಒಂದೇ ಬುನಾದಿ ಪಾಠ, ಆಮೇಲೆ ಚಿತ್ರಕಲೆ, ಶಿಲ್ಪ, ಅಚ್ಚುಕಲೆ, ಅನ್ವಯಿಕ ಕಲೆ ಅಂತ ಕವಲು. ಪತ್ರಿಕೆ, ಜಾಹೀರಾತು, ಆನಿಮೇಷನ್, ಆ್ಯಪ್ ತಯಾರಿಸುವ ಕಂಪನಿ, ಶಾಲೆ, ಸಿನಿಮಾದ ಕಲಾ ವಿಭಾಗ, ಹೀಗೆ ಕೆಲಸ ಇದೆ. ಮೊದಲೆರಡು ವರ್ಷ ಸಂಬಳ ಕಮ್ಮಿ ಇರುತ್ತದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ದುಬಾರಿ ಡಿಸೈನ್ ಕಾಲೇಜಿಗೆ ಸಾಲ ಮಾಡಿ ಸೇರಿಸಲೇಬೇಡಿ, ಕಟ್ಟಡದ ಗಾಜು ನೋಡಿ ಮರುಳಾಗಬೇಡಿ. ಐಐಟಿಗಳ ಡಿಸೈನ್ ಪದವಿಗೆ ಯುಸೀಡ್ ಅನ್ನುವ ಪರೀಕ್ಷೆ ಇದೆ. ಪ್ರಶ್ನೆ ಇಂಗ್ಲಿಷಿನಲ್ಲೇ ಇರುತ್ತವೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದೊಡ್ಡ ತೊಡಕು, ಬದಲಾಗಲೇಬೇಕು. ಬದಲಾಗುವ ತನಕ ಒಂದು ವರ್ಷ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ತಯಾರಿ ಮಾಡಿದರೆ ಅವಳು ಪ್ರಯತ್ನಿಸಬಹುದು.

ಯಾವ ಕಾಲೇಜಾದರೂ ಸೇರಿಸುವ ಮುಂಚೆ ಅವಳನ್ನು ಕರೆದುಕೊಂಡು ಒಂದು ಮಾಮೂಲಿ ದಿನ ಅಲ್ಲಿಗೆ ಹೋಗಿ. ಪ್ರದರ್ಶನದ ದಿನ ಬೇಡ. ಕೊನೇ ವರ್ಷದ ಹುಡುಗ ಹುಡುಗಿಯರ ಹತ್ತಿರ ಕೂತು, ಮೇಷ್ಟ್ರು ದಿನಾ ಬರ್ತಾರಾ, ಹೋದ ವರ್ಷ ಕಾಲೇಜಿನ ಗೇಟಿನ ಹೊರಗೆ ಯಾರಿಗಾಗಿ ಏನು ಮಾಡಿದಿರಿ ಅಂತ ಕೇಳಿ. ಅವರು ತಡವರಿಸದೆ ಉತ್ತರ ಕೊಟ್ಟರೆ ಸೇರಿಸಿ.