ಹಿಂಗಾರಿನಲ್ಲಿ ಉದ್ಯಾನಕ್ಕೆ ಸಸಿ ನೆಡಬಹುದೇ?

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದಲ್ಲಿ ನಿವಾಸಿಗಳೇ ಭಾನುವಾರಗಳಂದು ಶ್ರಮದಾನ ಮಾಡುತ್ತಿದ್ದೇವೆ. ಮುಂಗಾರಿನಲ್ಲಿ ಸಸಿ ನೆಡಲಾಗಲಿಲ್ಲ. ಅಕ್ಟೋಬರಿನಲ್ಲಿ ನೆಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನೆಡಬಹುದು. ಆದರೆ ಹಿಂಗಾರಿನ ಮಳೆ ಡಿಸೆಂಬರಿನ ಹೊತ್ತಿಗೆ ಕೈಬಿಡುವುದರಿಂದ, ಮುಂದಿನ ಮುಂಗಾರಿನವರೆಗೆ ನೀರುಣಿಸುವವರು ಯಾರೆಂಬುದನ್ನು ಗುದ್ದಲಿ ಹಿಡಿಯುವ ಮೊದಲೇ ನಿರ್ಧರಿಸಿಕೊಳ್ಳಿ. ನೆಡುವ ದಿನ ಸೇರುವ ಜನ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕೊಡ ಹಿಡಿದು ಬರುವುದು ಅಪರೂಪ. ಮನೆಗೊಂದೊಂದು ಸಸಿಯ ಹೊಣೆ ಹಂಚಿಬಿಡುವುದು ಲೇಸು.

ಮರಗಳ ಪೈಕಿ ಹೊಂಗೆ, ನೇರಳೆ ಸೂಕ್ತ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಸಸಿಯ ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ, ತಳದಲ್ಲಿ ಸುರುಳಿ ಸುತ್ತಿಕೊಂಡ ಬೇರುಗಳನ್ನಷ್ಟೇ ಕತ್ತರಿಸಿ, ಉಳಿದ ಬೇರುಗಳನ್ನು ಹಿಡಿದಿರುವ ಮಣ್ಣು ಉದುರದಂತೆ ಗುಂಡಿಗೆ ಇಳಿಸಬೇಕು. ಉದ್ಯಾನದಲ್ಲಿ ಗುಡಿಸಿದ ತರಗೆಲೆಗೆ ಬೆಂಕಿಯಿಡುವ ಕೆಟ್ಟ ರೂಢಿ ನಿಮ್ಮಲ್ಲೂ ಇದ್ದರೆ ಬಿಡಿಸಿ, ಅದನ್ನೇ ಕಾಂಡಕ್ಕೆ ತಾಗದಂತೆ ಬುಡದ ಸುತ್ತ ಹೊದಿಸಿದರೆ ಮಣ್ಣಿನ ತೇವ ಬೇಗ ಆರುವುದಿಲ್ಲ.

ಹೂವಿನ ಪಾತಿಗೆ ಚೆಂಡುಹೂವು ಸುಲಭ. ಅಕ್ಟೋಬರ್ ಮೊದಲ ವಾರಗಳಲ್ಲಿ ಬೀಜ ಚೆಲ್ಲಿದರೆ ಸಂಕ್ರಾಂತಿಗೆ ಹೂ ಕೊಯ್ಯಬಹುದು.