ಎಲ್ಲದಕ್ಕೂ ಫಾರ್ಮ್ಯಾಟ್ ಒಂದೇ ಮದ್ದೇ?

ಕಂಪ್ಯೂಟರ್ ತೊಂದರೆಗಳ ಬಗ್ಗೆ ಓದುಗರು ಬರೆದ, ಈ ಸಲ ಉತ್ತರಿಸಲು ಎತ್ತಿಕೊಂಡ ಆರು ಪತ್ರಗಳ ಪೈಕಿ ಎರಡರಲ್ಲಿ ಅಂಗಡಿಯವರು ಹೇಳಿದ ಮದ್ದು ಫಾರ್ಮ್ಯಾಟ್. ಹಿಂದೆ ಕೆಲವು ಕಾಂಪೌಂಡರುಗಳು ನೆಗಡಿಗೂ ಉಳುಕಿಗೂ ಒಂದೇ ಸೀಸೆಯ ಕೆಂಪು ಔಷಧಿ ಬಗ್ಗಿಸಿ ಕೊಡುತ್ತಿದ್ದರಲ್ಲ, ಹಾಗೆ. ಫಾರ್ಮ್ಯಾಟ್, ಅಂದರೆ ಡಿಸ್ಕನ್ನು ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು, ದುರಸ್ತಿ ಮಾಡುವವರಿಗೆ ಹಗುರ. ರೋಗ ಯಾವುದೆಂದು ಹುಡುಕುವ ತಲೆನೋವಿಲ್ಲ. ಅಳಿದುಹೋಗುವುದು ಮಾತ್ರ ನಿಮ್ಮದು.

ನಾನು ನಿವೃತ್ತ ಕನ್ನಡ ಶಿಕ್ಷಕಿ. ಹದಿನೈದು ವರ್ಷಗಳಿಂದ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಲೇಖನಗಳನ್ನೆಲ್ಲ ಮೊಮ್ಮಗ ಹೊಸ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟ. ತೆರೆದು ನೋಡಿದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರಗಳು, ಪೌಂಡ್ ಗುರುತು, ತಲೆಯ ಮೇಲೆ ಗೆರೆಯಿರುವ ‘ಎ’ಗಳು. ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ?
– ಮಲ್ಲೇಶ್ವರದ ಓದುಗರು

ಬೇಡ. ಲ್ಯಾಪ್‌ಟಾಪನ್ನು ಆ ಅಂಗಡಿಯಿಂದ ಇಂದೇ ವಾಪಸು ತನ್ನಿ. ನಿಮ್ಮ ಕಡತಗಳಲ್ಲಿ ಒಂದು ಕೊಂಬೂ ಮುಕ್ಕಾಗಿಲ್ಲ.

‘ಕನ್ನಡ’ ಎಂಬ ಪದವನ್ನೇ ಹುಡುಕಿ ನೋಡಿ. ಅದು ನಿಮ್ಮ ತೆರೆಯ ಮೇಲೆ ಹೀಗೆ ಕಾಣುತ್ತಿರುತ್ತದೆ: ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಇರುವ ದೊಡ್ಡ ‘ಎ’, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯು’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ಮೂರು ಸಲ ಬಂದ ಆ ‘ಎ’ ಯಾವುದು ಗೊತ್ತೇ? ನೀವು ಮಕ್ಕಳಿಗೆ ಕಲಿಸಿದ ತಲೆಕಟ್ಟು. ‘ಪಿ’ ಎಂದರೆ ತಲೆಕಟ್ಟಿಲ್ಲದ ಕ, ಪೌಂಡ್ ಎಂದರೆ ತಲೆಕಟ್ಟಿಲ್ಲದ ನ, ಜರ್ಮನ್ ಅಕ್ಷರ ನಕಾರದ ಒತ್ತು, ‘ಕ್ಯು’ ಎಂದರೆ ತಲೆಕಟ್ಟಿಲ್ಲದ ಡ.

ಹಳೆಯ ಅಕ್ಷರಶೈಲಿಗಳಲ್ಲಿ, ಅಂದರೆ ಫಾಂಟುಗಳಲ್ಲಿ, ಒಟ್ಟು 256 ಆಸನಗಳಷ್ಟೇ ಇರುತ್ತಿದ್ದವು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲು. ಕನ್ನಡವನ್ನು ತಲೆಕಟ್ಟು, ಗುಡಿಸು, ಒತ್ತು ಎಂದು ತುಂಡು ತುಂಡು ಮಾಡಿ ಆ ಆಸನಗಳ ಮೇಲೆ ಕೂರಿಸಿದರು. ಕಂಪ್ಯೂಟರಿನ ಲೆಕ್ಕದಲ್ಲಿ ನೀವು ಹದಿನೈದು ವರ್ಷ ಬರೆದದ್ದು ಇಂಗ್ಲಿಷ್ ಅಕ್ಷರಗಳನ್ನೇ. ನುಡಿಯ ಫಾಂಟ್ ಅವಕ್ಕೆ ಕನ್ನಡದ ವೇಷ ಕಟ್ಟಿ ರಂಗಕ್ಕೆ ಕಳಿಸುತ್ತಿತ್ತು. ಹೊಸ ಲ್ಯಾಪ್‌ಟಾಪ್‌ನಲ್ಲಿ ಆ ವೇಷದ ಪೆಟ್ಟಿಗೆ ಇಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ರೂಪಿಸಿದ ನುಡಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಹಾಕಿಕೊಂಡು, ಹಳೆಯ ಕಡತ ತೆರೆದು, ನುಡಿಯ ಫಾಂಟ್ ಆರಿಸಿ. ಪಾಠವೆಲ್ಲ ಎದ್ದು ಕೂರುತ್ತದೆ.

ಅಲ್ಲಿಗೇ ನಿಲ್ಲಿಸಬೇಡಿ. ಜಗತ್ತಿನ ಲಿಪಿಗಳಿಗೆಲ್ಲ ಯೂನಿಕೋಡ್ ಎಂಬ ಒಂದೇ ಸಂಕೇತ ಕ್ರಮವಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆಂದೇ 128 ಮನೆಗಳ ಸ್ವಂತ ಬೀದಿ ಇದೆ. ಅಲ್ಲಿ ಕ ಎಂದರೆ ಯಾವ ಕಂಪ್ಯೂಟರಿನಲ್ಲೂ ಕ. ಲೇಖನಗಳ ಒಂದು ಪ್ರತಿಯನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದಿಟ್ಟುಕೊಳ್ಳಿ. ಪ್ರತಿ ಎಂದೆ, ಮೂಲವನ್ನು ಮುಟ್ಟಬೇಡಿ. ಏಕೆಂದರೆ ಪರಿವರ್ತಕಗಳು ಮೂರು ಕಡೆ ಎಡವುತ್ತವೆ. ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದು ತಿಳಿದು ಕಲಸಿಬಿಡುತ್ತವೆ. ಎರಡನೆಯದು ಅರ್ಕಾವೊತ್ತು. ನುಡಿಯ ಹಳೆಯ ಕ್ರಮದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ಆದ್ದರಿಂದ ‘ಕಾರ್ಯದರ್ಶಿ’, ‘ವರ್ಷ’ದಂಥ ಪದಗಳ ಮೇಲೆ ಕಣ್ಣಿಡಿ.

ಮೂರನೆಯದು ಕಣ್ಣಿಗೆ ಕಾಣದ ಅಕ್ಷರಗಳು. ‘ರಾಜ್‌ಕುಮಾರ್’ ಎಂದು ಬರೆಯಬೇಕಾದರೆ ಜ್ ಮತ್ತು ಕು ನಡುವೆ ಅಗಲವೇ ಇಲ್ಲದ ಒಂದು ತಡೆಗೋಡೆ ಬೇಕು. ಅದು ಬಿದ್ದುಹೋದರೆ ‘ರಾಜ್ಕುಮಾರ್’ ಆಗುತ್ತದೆ. ಈ ಊರಿನಲ್ಲಿ ಅದನ್ನು ಯಾರೂ ಕ್ಷಮಿಸುವುದಿಲ್ಲ. ‘ರ‍್ಯಾಂಕ್’ ಪದಕ್ಕೆ ಇದಕ್ಕೆ ತಿರುಗಾದ ಒಂದು ಬೆಸುಗೆ ಬೇಕು. ಇಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವೊತ್ತಾಗುತ್ತದೆ. ವರ್ಡ್‌ನಲ್ಲಿ ಸರಿಪಡಿಸುವುದು ಸುಲಭ. ಕರ್ಸರನ್ನು ಜ್ ಆದ ಮೇಲೆ ನಿಲ್ಲಿಸಿ, 200 ಎಂದು ಒತ್ತಿ ಅದಕ್ಕೆ ಅಂಟಿದಂತೆ ಇಂಗ್ಲಿಷಿನ ‘ಸಿ’ ಒತ್ತಿ, ಆಲ್ಟ್ ಹಿಡಿದು ‘ಎಕ್ಸ್’ ಒತ್ತಿದರೆ ತಡೆಗೋಡೆ ಬರುತ್ತದೆ. ‘ಸಿ’ ಬದಲು ‘ಡಿ’ ಒತ್ತಿದರೆ ಬೆಸುಗೆ. ಅದನ್ನು ರ ಆದ ಮೇಲೆ, ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆಗಿಂತ ಮೊದಲು ಇಡಬೇಕು.

ಮುದ್ರಣಕ್ಕೆ ಕೊಡುವ ಆಲೋಚನೆಯಿದ್ದರೆ ನುಡಿಯ ಮೂಲವನ್ನೂ ಒಯ್ಯಿರಿ. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಮುದ್ರಣಕ್ಕೆ ಪುಟ ಕಟ್ಟುವ ಹಳೆಯ ತಂತ್ರಾಂಶ ಅದು. ಯೂನಿಕೋಡ್ ಕನ್ನಡ ಅದರ ತಲೆಗೆ ಹೋಗುವುದಿಲ್ಲ. ಆದರೂ ಅದನ್ನು ಬಿಡಲೊಲ್ಲದ ಮುದ್ರಣಾಲಯಗಳು ಇನ್ನೂ ಇವೆ. ನನಗೆ ಅವರ ಮೇಲೆ ಸಿಟ್ಟಿಲ್ಲ, ಅವರ ಪುಟವಿನ್ಯಾಸ ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಅಪಾರ್ಟ್‌ಮೆಂಟ್ ಸಂಘದ ಸುತ್ತೋಲೆ ತಯಾರಿಸುವುದು ನನ್ನ ಪಾಲಿಗೆ ಬಂದಿದೆ. ನಿವಾಸಿಗಳು ವಾಟ್ಸ್‌ಆ್ಯಪ್ ಮತ್ತು ಇಮೇಲ್‌ನಲ್ಲಿ ಕಳಿಸಿದ ಸಾಲುಗಳನ್ನು ವರ್ಡ್‌ಗೆ ಅಂಟಿಸಿದರೆ ಒಂದು ಸಾಲು ದಪ್ಪ, ಒಂದು ಸಣ್ಣ, ಒಂದರ ಹಿಂದೆ ಬೂದು ಬಣ್ಣ. 1, 2, 3 ಎಂದು ಹಾಕಿದ ಸಂಖ್ಯೆಗಳು ಮಧ್ಯದಲ್ಲಿ ಮತ್ತೆ 1ರಿಂದ ಶುರುವಾಗುತ್ತವೆ. ನನ್ನ ರಾತ್ರಿಗಳು ಹೀಗೇ ಕಳೆಯುತ್ತಿವೆ.
– ಯಲಹಂಕದ ಓದುಗರು

ನಕಲು ಮಾಡಿದ ಪಠ್ಯ ಬರಿಗೈಯಲ್ಲಿ ಬರುವುದಿಲ್ಲ. ತನ್ನ ಊರಿನ ಬಟ್ಟೆಬರೆ ಕಟ್ಟಿಕೊಂಡೇ ಬರುತ್ತದೆ. ಬಾಗಿಲಲ್ಲೇ ಗಂಟು ಬಿಡಿಸಿ. ಅಂಟಿಸುವಾಗ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ‘ವಿ’ ಒತ್ತಿದರೆ ಬರೀ ಅಕ್ಷರಗಳು ಬರುತ್ತವೆ. ವರ್ಡ್‌ನ ಹಳೆಯ ಆವೃತ್ತಿಯಾದರೆ ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ಅಂಟಿಸಿ, ಅಲ್ಲಿಂದ ಮತ್ತೆ ನಕಲು ಮಾಡಿ ತನ್ನಿ. ಈಗಾಗಲೇ ಕೆಟ್ಟಿರುವ ಭಾಗವನ್ನು ಆರಿಸಿ ಕಂಟ್ರೋಲ್ ಹಿಡಿದು ಸ್ಪೇಸ್ ಒತ್ತಿದರೆ ಅಕ್ಷರಗಳ ವೇಷ ಕಳಚುತ್ತದೆ, ಕಂಟ್ರೋಲ್ ಹಿಡಿದು ‘ಕ್ಯು’ ಒತ್ತಿದರೆ ಪ್ಯಾರಾದ ವೇಷ. ಸಂಖ್ಯೆ 1ಕ್ಕೆ ಹಿಂದಿರುಗಿದ ಕಡೆ ಮೌಸಿನ ಬಲಗುಂಡಿ ಒತ್ತಿ, ‘ಸಂಖ್ಯೆ ಮುಂದುವರಿಸು’ ಎಂಬರ್ಥದ ಆಯ್ಕೆ ಹಿಡಿಯಿರಿ.

ಕನ್ನಡ ಅಕ್ಷರ ಮಾತ್ರ ಗಾತ್ರ ಬದಲಿಸಲು ಒಪ್ಪದಿದ್ದರೆ ಫಾಂಟ್ ಸಂವಾದ ಪೆಟ್ಟಿಗೆ ತೆರೆದು ನೋಡಿ. ಅಲ್ಲಿ ಇಂಗ್ಲಿಷಿಗೆ ಒಂದು ಖಾನೆ, ‘ಸಂಕೀರ್ಣ ಲಿಪಿ’ಗಳಿಗೆ ಇನ್ನೊಂದು ಖಾನೆ ಇರುತ್ತದೆ. ನಮ್ಮ ಲಿಪಿ ಎರಡನೆಯ ಖಾನೆಯದು. ಇಷ್ಟೆಲ್ಲ ಆದ ಮೇಲೂ ಶೀರ್ಷಿಕೆಯನ್ನು ಮಧ್ಯಕ್ಕೆ ತರಲು ಸ್ಪೇಸ್ ಬಾರನ್ನು ಇಪ್ಪತ್ತು ಸಲ ಕುಟ್ಟುವವರು ನಿಮ್ಮ ಸಂಘದಲ್ಲಿ ಇದ್ದರೆ ಅವರ ಕೈಗೆ ಕಡತ ಕೊಡಬೇಡಿ, ಪಿಡಿಎಫ್ ಕೊಡಿ.

ಲ್ಯಾಪ್‌ಟಾಪ್ 2017ರದ್ದು. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ. ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿದರು. ಹದಿನೈದು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಈಗ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ.
– ವಿಜಯನಗರದ ಓದುಗರು

ಮದರ್‌ಬೋರ್ಡ್ ಹೋಗಿದ್ದರೆ ಅದು ನಿಧಾನವಾಗುವುದಕ್ಕಿಂತ ಸತ್ತೇ ಹೋಗುವುದು ಹೆಚ್ಚು. ಕಂಟ್ರೋಲ್, ಶಿಫ್ಟ್ ಜೊತೆ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸುಮ್ಮನೆ ಕುಳಿತಿರುವಾಗಲೂ ‘ಡಿಸ್ಕ್’ ಎಂಬಲ್ಲಿ ಶೇ 100 ತೋರಿಸುತ್ತಿದ್ದರೆ ಅನುಮಾನ ತಿರುಗುವ ಹಾರ್ಡ್ ಡಿಸ್ಕಿನ ಮೇಲೆ. ಒಳಗೆ ತಟ್ಟೆ ತಿರುಗಿ, ಸೂಜಿ ಓಡಾಡಿ ಓದುವ ಯಂತ್ರ ಅದು. ಇಂದಿನ ವಿಂಡೋಸ್ ಕೇಳುವ ವೇಗಕ್ಕೆ ಏದುಸಿರು ಬಿಡುತ್ತದೆ. ಕಡತಗಳ ಬ್ಯಾಕಪ್ ತೆಗೆದುಕೊಂಡು, ಅದರ ಬದಲು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಡಿಸ್ಕ್ ಶಾಂತವಾಗಿದ್ದು ಮೆಮೊರಿ ತುಂಬಿ ತುಳುಕುತ್ತಿದ್ದರೆ ಮಾತ್ರ ರ‍್ಯಾಮ್ ಹೆಚ್ಚಿಸಿ.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಸಾದರ ಪತ್ರಪ್ಪ ರಸ್ತೆಗೆ, ಅಂದರೆ ನಾವೆಲ್ಲ ಹೇಳುವ ಎಸ್.ಪಿ. ರೋಡಿಗೆ ಹೋಗುವುದಾದರೆ ಬೆಳಗಿನ ಹೊತ್ತು, ಅಂಗಡಿ ಆಗಷ್ಟೇ ತೆರೆದಾಗ ಹೋಗಿ. ಸಂಜೆಯ ನೂಕುನುಗ್ಗಲಿನಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ. ಕೆಲಸ ಕಣ್ಣೆದುರೇ ಆಗಲಿ. ಎಸ್‌ಎಸ್‌ಡಿಯ ಕ್ರಮ ಸಂಖ್ಯೆ ಬಿಲ್ಲಿನಲ್ಲಿ ಇರಲಿ, ಜಿಎಸ್‌ಟಿ ಇಲ್ಲದ ಬಿಳಿ ಚೀಟಿಯಲ್ಲಿ ವಾರಂಟಿ ಬರೆಸಿಕೊಂಡರೆ ಅದು ಚೀಟಿಯಷ್ಟೇ. ಹಳೆಯ ಡಿಸ್ಕನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಮನೆಯವರ ಆಧಾರ್, ಪಾನ್, ಮದುವೆಯ ಫೋಟೊ ಎಲ್ಲ ಇರುತ್ತವೆ. ಬೇಡವೆಂದು ಬಿಟ್ಟು ಬಂದವರನ್ನು ನಾನು ಬಲ್ಲೆ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಕೇಳುತ್ತದೆ, 2017ರ ಯಂತ್ರಗಳಲ್ಲಿ ಹೆಚ್ಚಿನವು ಹೊರಗೇ ಉಳಿಯುತ್ತವೆ. ಬರವಣಿಗೆ, ಇಮೇಲ್, ಯೂಟ್ಯೂಬ್ ಇಷ್ಟೇ ಕೆಲಸವಾದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿಕೊಳ್ಳಿ. ಕನ್ನಡ ಅಲ್ಲಿ ಚೆನ್ನಾಗಿಯೇ ಮೂಡುತ್ತದೆ.

ಕರೆಂಟ್ ಹೋದರೆ ಯುಪಿಎಸ್ ಒಮ್ಮೆ ಕಿರುಚಿ ಕಂಪ್ಯೂಟರನ್ನೂ ಕರೆದುಕೊಂಡು ಹೋಗುತ್ತದೆ.
– ರಾಜಾಜಿನಗರದ ಓದುಗರು

ಒಳಗಿನ ಬ್ಯಾಟರಿ ಮುದಿಯಾಗಿದೆ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷ ಬಾಳಿದರೆ ಅದರ ಧರ್ಮ ಮುಗಿಯಿತು. ಬ್ಯಾಟರಿ ಮಾತ್ರ ಬದಲಿಸಿ, ಹಳೆಯದನ್ನು ಅಂಗಡಿಗೇ ಹಿಂದಿರುಗಿಸಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಿದ್ದರೆ ಕಿತ್ತು ಗೋಡೆಗೆ ಸಿಕ್ಕಿಸಿ.

ಸಹಾಯವಾಣಿಗೆ ಕರೆ ಮಾಡಿದರೆ ಅವರ ಮೊದಲ ಪ್ರಶ್ನೆ ‘ರೀಸ್ಟಾರ್ಟ್ ಮಾಡಿದಿರಾ?’. ದಿನವೂ ಆಫ್ ಮಾಡಿ ಆನ್ ಮಾಡುತ್ತೇನೆ ಎಂದರೂ ಕೇಳುವುದಿಲ್ಲ. ನಮ್ಮನ್ನು ಏನೂ ತಿಳಿಯದವರು ಎಂದುಕೊಂಡಿದ್ದಾರೆಯೇ?
– ಜಯನಗರದ ಓದುಗರು

ನಿಮ್ಮ ಸಿಟ್ಟು ನನಗೂ ಗೊತ್ತು. ತೆರೆ ಪೂರ್ತಿ ಕಪ್ಪಾಗಿದೆ ಎಂದು ದೂರಿದಾಗ ‘ತೆರೆಯ ಸ್ಕ್ರೀನ್‌ಶಾಟ್ ಕಳಿಸಿ’ ಎಂದು ಒಂದು ಸಹಾಯವಾಣಿ ನನಗೂ ಹೇಳಿತ್ತು. ಆದರೆ ಈ ಪ್ರಶ್ನೆಯ ಮಟ್ಟಿಗೆ ಅವರ ಪರ ನಾನು. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಳತಿರುಳು ನಿಜವಾಗಿ ಮುಚ್ಚುವುದಿಲ್ಲ. ಅದರ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರು. ವಾರಂಟಿಯೊಳಗೆ ಇದ್ದೂ ಅಲೆದಾಡಿಸುತ್ತಿದ್ದರೆ ದೂರಿನ ಸಂಖ್ಯೆಗಳನ್ನು ಬರೆದಿಟ್ಟುಕೊಂಡು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ.

ತಂದೆಯವರು ಪಂಚಾಂಗ ಹುಡುಕುತ್ತಿದ್ದಾಗ ‘ನಿಮ್ಮ ಕಂಪ್ಯೂಟರಿಗೆ ವೈರಸ್, ಈ ಸಂಖ್ಯೆಗೆ ಕರೆ ಮಾಡಿ’ ಎಂದು ತೆರೆ ತುಂಬ ಬಂತಂತೆ, ಸೈರನ್ ಬೇರೆ. ಕರೆ ಮಾಡಿದ್ದಾರೆ. ಅತ್ತಲಿನವರು ಏನೋ ಆ್ಯಪ್ ಹಾಕಿಸಿ ಒಂದು ಗಂಟೆ ಕಂಪ್ಯೂಟರನ್ನು ತಾವೇ ನಡೆಸಿದ್ದಾರೆ, ಕಾರ್ಡ್ ವಿವರವನ್ನೂ ಪಡೆದಿದ್ದಾರೆ. ಅಂಗಡಿಯವರು ಪರೀಕ್ಷಿಸಿ ಏನೂ ಇಲ್ಲ ಎಂದರು.
– ಬನಶಂಕರಿಯ ಓದುಗರು

ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ತಡಮಾಡದೆ 1930ಕ್ಕೆ, ಸೈಬರ್ ವಂಚನೆಯ ಸಹಾಯವಾಣಿಗೆ, ಕರೆ ಮಾಡಿ ದೂರು ದಾಖಲಿಸಿ. ಹಣ ದಾರಿಯಲ್ಲಿ ಇರುವಾಗಲೇ ತಡೆಯುವ ಅವಕಾಶ ಬೇಗ ಹೇಳಿದವರಿಗೆ ಹೆಚ್ಚು. ಕಂಪ್ಯೂಟರನ್ನು ವೈಫೈನಿಂದ ಬಿಡಿಸಿ. ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ, ಅದೇ ಯಂತ್ರದಿಂದಲ್ಲ.

ಆ ‘ಎಚ್ಚರಿಕೆ’ ಒಂದು ವೆಬ್ ಪುಟವಷ್ಟೇ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಹಾಕುವುದಿಲ್ಲ. ಎಸ್ಕೇಪ್ ಗುಂಡಿಯನ್ನು ಒತ್ತಿ ಹಿಡಿದು ಪೂರ್ತಿ ತೆರೆಯಿಂದ ಹೊರಬಂದು ಬ್ರೌಸರ್ ಮುಚ್ಚಿದ್ದರೆ ಸೈರನ್ನೂ ಅಡಗುತ್ತಿತ್ತು.

ಇನ್ನು ಅಂಗಡಿಯವರ ಮಾತು. ಬೇಡದ ಕಡೆ ಫಾರ್ಮ್ಯಾಟ್ ಎಂದವರು ಇದ್ದಾರೆ, ಬೇಕಾದ ಕಡೆ ಬೇಡ ಎಂದವರು ನಿಮಗೆ ಸಿಕ್ಕಿದ್ದಾರೆ. ಅಪರಿಚಿತರು ಒಂದು ಗಂಟೆ ಓಡಾಡಿದ ಮನೆಯಲ್ಲಿ ಏನು ಬಿಟ್ಟುಹೋಗಿದ್ದಾರೆ ಎಂದು ವೈರಸ್ ಪರೀಕ್ಷೆಯೊಂದನ್ನೇ ನಂಬಿ ಹೇಳಲಾಗದು. ಫೋಟೊ, ಕಾಗದಪತ್ರಗಳನ್ನು ಮಾತ್ರ ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಯಾವ ತಂತ್ರಾಂಶವನ್ನೂ ನಕಲಿಸಬೇಡಿ. ಆಮೇಲೆ ಫಾರ್ಮ್ಯಾಟ್ ಮಾಡಿಸಿ.

ಕೆಲವು ದಿನಗಳಲ್ಲಿ ‘ನಿಮ್ಮ ಹಣ ವಾಪಸು ಕೊಡಿಸುತ್ತೇವೆ’ ಎಂದು ಇನ್ನೊಂದು ಕರೆ ಬರುವ ಸಂಭವ ಹೆಚ್ಚು. ಅವರೂ ವಂಚಕರೇ. ಸ್ವಲ್ಪ ಕಾಲ ತಂದೆಯವರ ಫೋನನ್ನು ನೀವೇ ಎತ್ತಿಕೊಳ್ಳಿ.